ವಿಮಾನ ಎಲ್ಲಿ ನಿಲ್ಲಬೇಕು?

ವಿಮಾನವಾಹಕ ನೌಕೆ ಎಂದರೆ ‘ತೇಲುವ ವಿಮಾನ ನಿಲ್ದಾಣ’ ಎನ್ನುವುದು ರೂಢಿ. ಕಾರವಾರದ ಐಎನ್‌ಎಸ್ ಕದಂಬ ನೆಲೆಗೆ ಸೇರಿದ ವಿಕ್ರಮಾದಿತ್ಯದ ಸುದ್ದಿ ಬಂದಾಗಲೆಲ್ಲ ಈ ಮಾತೂ ಜೊತೆಗೇ ಬರುತ್ತದೆ. ಕೇಳಲು ಚೆಂದ, ಆದರೆ ದಾರಿ ತಪ್ಪಿಸುವ ಮಾತು. ನಿಲ್ದಾಣದಲ್ಲಿ ಇಳಿಯಲು ಒಂದು ಜಾಗ, ಓಡಾಡಲು ಇನ್ನೊಂದು, ನಿಲ್ಲಲು ಮತ್ತೊಂದು ಇರುತ್ತದೆ. ವಿಕ್ರಮಾದಿತ್ಯದ ಉದ್ದ 284 ಮೀಟರ್. ಏರುವುದು, ಇಳಿಯುವುದು, ಇಂಧನ ತುಂಬುವುದು, ನಿಲ್ಲುವುದು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಜಾತ್ರೆಗೆ ಬಂದ ಗಾಡಿಗಳ ಹಾಗೆ, ಒಳಗೆ ಸಿಕ್ಕಿಕೊಂಡದ್ದು ಹೊರಡಬೇಕಾದರೆ ಹೊರಗಿನ ನಾಲ್ಕು ಜರುಗಬೇಕು.

ಡೆಕ್ಕಿಗೆ ಅಡ್ಡ ಬಿಗಿದ ತಡೆತಂತಿಗೆ ವಿಮಾನದ ಬಾಲದ ಕೊಕ್ಕೆ ಸಿಕ್ಕಿತು, ವಿಮಾನ ನಿಂತಿತು, ಪೈಲಟ್ ಉಸಿರು ಬಿಟ್ಟ – ಸಿನಿಮಾದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನಿಜದಲ್ಲಿ ಗಾಲಿ ಡೆಕ್ಕಿಗೆ ತಾಗಿದ ಕ್ಷಣವೇ ಪೈಲಟ್ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಲೇಬೇಕಲ್ಲ. ಸಿಕ್ಕಿದ್ದು ಖಚಿತವಾದ ಮೇಲೆ ಶಕ್ತಿ ತಗ್ಗಿಸಿ, ಕೊಕ್ಕೆ ಎತ್ತಿ, ರೆಕ್ಕೆ ಮಡಚಿ ಆ ಜಾಗ ಬಿಡಬೇಕು. ಹಿಂದೆ ಇನ್ನೊಂದು ವಿಮಾನ ಆಗಲೇ ಇಳಿಯಲು ಬರುತ್ತಿರುತ್ತದೆ. (ಎಲ್ಲ ನೌಕಾ ವಿಮಾನಗಳ ರೆಕ್ಕೆಯೂ ಮಡಚುತ್ತದೆ ಎಂದುಕೊಳ್ಳಬೇಡಿ. ಭಾರತ ಕೊಳ್ಳುತ್ತಿರುವ ರಫೇಲ್-ಎಂ ವಿಮಾನದ್ದು ಮಡಚುವುದಿಲ್ಲ. ಭಾರತದ ಹಿಂದಿನ ನೌಕೆ ವಿರಾಟ್ ಮೇಲಿದ್ದ ಸೀ ಹ್ಯಾರಿಯರ್‌ನಲ್ಲಿ ರೆಕ್ಕೆಯ ಬದಲು ಮೂತಿ ಮಡಚುತ್ತಿತ್ತು!)

ಅಲ್ಲಿಂದ ಮುಂದೆ ಪೈಲಟ್ ತನಗೆ ಬೇಕಾದ ಕಡೆ ವಿಮಾನ ಓಡಿಸುತ್ತಾನೆ ಎಂಬುದೂ ತಪ್ಪು. ಆಕಾಶದಲ್ಲಿ ಅವನು ಯಾರೇ ಇರಲಿ, ಡೆಕ್ ಮೇಲೆ ನಡೆಯುವುದು ಎದುರು ನಿಂತ ನಾವಿಕನ ಕೈಸನ್ನೆ. ಎಂಜಿನ್ನುಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಮೂತಿಯ ಗಾಲಿ ಕಾಕ್‌ಪಿಟ್ಟಿಗಿಂತ ಹಿಂದಿರುವ ವಿಮಾನದಲ್ಲಿ, ತಿರುಗುವಾಗ ಪೈಲಟ್ ಸಮುದ್ರದ ಮೇಲೆ ತೂಗುತ್ತಿರುತ್ತಾನೆ. ಗಾಲಿ ಅಂಚಿಗೆ ಎಷ್ಟು ಹತ್ತಿರವಿದೆಯೆಂದು ಅವನಿಗೆ ಕಾಣುವುದೇ ಇಲ್ಲ. ಹಿಂದಕ್ಕೆ ಸರಿಸಬೇಕಾದರೆ ಟ್ರ್ಯಾಕ್ಟರ್ ಬರಬೇಕು. ಅಮೆರಿಕದ ನೌಕೆಗಳಲ್ಲಿ ಈ ಸನ್ನೆಗಾರರದು ಹಳದಿ ಅಂಗಿ, ಗಾಲಿಗೆ ಅಡೆ ಇಟ್ಟು ಸರಪಳಿ ಬಿಗಿಯುವವರದು ನೀಲಿ, ಇಂಧನದವರದು ನೇರಳೆ. ಬಣ್ಣ ಹೇಳುವುದು ಕೆಲಸವನ್ನು, ದರ್ಜೆಯನ್ನಲ್ಲ.

ಬ್ರೇಕ್ ಹಾಕಿದರೆ ಸಾಕು ಎಂಬ ನಂಬಿಕೆಗೆ ಈಚಿನ ಉತ್ತರ 2025ರ ಏಪ್ರಿಲ್ 28ರದು. ಕೆಂಪು ಸಮುದ್ರದಲ್ಲಿದ್ದ ಅಮೆರಿಕದ ಹ್ಯಾರಿ ಎಸ್. ಟ್ರೂಮನ್ ನೌಕೆಯ ಹ್ಯಾಂಗರ್‌ನಲ್ಲಿ ಎಫ್/ಎ-18 ವಿಮಾನವೊಂದನ್ನು ಎಳೆಯುತ್ತಿದ್ದಾಗ ಅದು ಹಿಡಿತ ತಪ್ಪಿ, ಎಳೆಯುತ್ತಿದ್ದ ಟ್ರ್ಯಾಕ್ಟರ್ ಸಮೇತ ಸಮುದ್ರಕ್ಕೆ ಬಿತ್ತು. ನಾವಿಕರು ಪಕ್ಕಕ್ಕೆ ಸರಿದು ಪಾರಾದರು. ಒಬ್ಬರಿಗೆ ಸಣ್ಣ ಗಾಯ. ಆರು ಕೋಟಿ ಡಾಲರಿಗೂ ಹೆಚ್ಚಿನ ಯಂತ್ರ, ಹಾರದೆಯೇ ಮುಳುಗಿತು. ನೌಕೆ ವಾಲುತ್ತದೆ, ತಿರುಗುತ್ತದೆ, ನೆಲ ಜಾರುತ್ತದೆ. ಅದಕ್ಕೇ ನಿಂತ ವಿಮಾನವನ್ನು ಸರಪಳಿಗಳಿಂದ ಡೆಕ್ಕಿಗೇ ಕಟ್ಟುವುದು, ಎಳೆಯುವಾಗ ಬ್ರೇಕ್ ಒತ್ತಲು ಕಾಕ್‌ಪಿಟ್ಟಿನಲ್ಲಿ ಒಬ್ಬರನ್ನು ಕೂರಿಸುವುದು.

ಇವೆಲ್ಲ ಬಿಡಿ, ಈ ವಿಷಯದ ಅತಿ ದೊಡ್ಡ ಮಿಥ್ಯೆ ಹುಟ್ಟಿದ್ದು ಒಂದು ಯುದ್ಧದ ನೆನಪಿನಿಂದ. 1942ರ ಜೂನ್ 4, ಮಿಡ್‌ವೇ ಕದನ. ಬೆಳಗ್ಗೆ ಹತ್ತೂವರೆಯೊಳಗೆ, ಕೆಲವೇ ನಿಮಿಷಗಳಲ್ಲಿ, ಅಕಾಗಿ, ಕಾಗಾ, ಸೋರ್ಯು ಎಂಬ ಮೂರು ಜಪಾನಿ ನೌಕೆಗಳು ಅಮೆರಿಕನ್ ಬಾಂಬರುಗಳಿಗೆ ಬಲಿಯಾದವು. ದಾಳಿಗೆ ಸಜ್ಜಾದ ವಿಮಾನಗಳು ಡೆಕ್ ತುಂಬ ನಿಂತಿದ್ದವು, ಇನ್ನು ಐದೇ ನಿಮಿಷ ಸಿಕ್ಕಿದ್ದರೆ ಎಲ್ಲ ಹಾರಿಬಿಡುತ್ತಿದ್ದವು ಎಂದು, ಆಗ ಅಕಾಗಿಯಲ್ಲೇ ಇದ್ದ ಜಪಾನಿ ವೈಮಾನಿಕ ಮಿತ್ಸುವೊ ಫುಚಿಡಾ ಯುದ್ಧದ ನಂತರ ಬರೆದ. ‘ಐದು ನಿಮಿಷದ ದುರ್ದೈವ’ ಎಷ್ಟು ಸೊಗಸಾದ ಕಥೆಯೆಂದರೆ ದಶಕಗಟ್ಟಲೆ ಪುಸ್ತಕ, ಸಿನಿಮಾಗಳು ಅದನ್ನೇ ಹೇಳಿದವು.

ಜಪಾನಿನ ಅಧಿಕೃತ ಯುದ್ಧ ಇತಿಹಾಸ 1971ರಲ್ಲೇ ಇದನ್ನು ಒಪ್ಪಿರಲಿಲ್ಲ. 2005ರಲ್ಲಿ ಇತಿಹಾಸಕಾರರಾದ ಜೊನಾಥನ್ ಪಾರ್ಷಲ್ ಮತ್ತು ಆಂಟನಿ ಟಲ್ಲಿ ಆ ನೌಕೆಗಳ ಹಾರಾಟದ ದಾಖಲೆಗಳನ್ನಿಟ್ಟು ಕಥೆಯನ್ನು ಬಿಚ್ಚಿದರು. ಅವರ ವಾದದ ಬುಡ ಡೆಕ್ ಕೆಲಸದ ಲೆಕ್ಕ. ಜಪಾನಿಯರು ವಿಮಾನಗಳಿಗೆ ಬಾಂಬು, ಟಾರ್ಪೆಡೊ ಕಟ್ಟುತ್ತಿದ್ದುದು ಬಹುಮಟ್ಟಿಗೆ ಕೆಳಗಿನ ಮುಚ್ಚಿದ ಹ್ಯಾಂಗರ್‌ನಲ್ಲಿ. ಅಲ್ಲಿಂದ ಒಂದೊಂದನ್ನೇ ಲಿಫ್ಟಿನಲ್ಲಿ ಮೇಲೆ ತಂದು, ಕೈಯಿಂದ ತಳ್ಳಿ ಹಿಂಭಾಗದಲ್ಲಿ ಸಾಲಿಗೆ ನಿಲ್ಲಿಸಿ, ರೆಕ್ಕೆ ಬಿಚ್ಚಿ, ಎಂಜಿನ್ ಕಾಯಿಸಬೇಕು. ಮುಚ್ಚಿದ ಹ್ಯಾಂಗರ್‌ನಲ್ಲಿ ಎಂಜಿನ್ ಕಾಯಿಸುವ ಹಾಗಿರಲಿಲ್ಲ. ಒಟ್ಟು ಮುಕ್ಕಾಲು ಗಂಟೆಯ ಹತ್ತಿರದ ಕೆಲಸ. ಹಾಗೆ ಸಾಲು ನಿಂತ ಡೆಕ್ ಮೇಲೆ ಬೇರೆ ವಿಮಾನ ಇಳಿಯುವಂತಿಲ್ಲ. ಆ ಬೆಳಗ್ಗೆಯಾದರೋ ಅಮೆರಿಕನ್ನರ ದಾಳಿಯ ಮೇಲೆ ದಾಳಿ. ಕಾವಲು ಫೈಟರುಗಳು ಇಳಿಯುತ್ತ, ಏರುತ್ತ ಡೆಕ್ಕಿಗೆ ಬಿಡುವೇ ಕೊಟ್ಟಿರಲಿಲ್ಲ. ದಾಳಿಯ ವಿಮಾನಗಳು ಇಂಧನ, ಮದ್ದುಗುಂಡು ತುಂಬಿಕೊಂಡು ಕೆಳಗೇ ಇದ್ದವು. ಬೆಂಕಿ ಅಷ್ಟು ಭೀಕರವಾದದ್ದೂ ಅದಕ್ಕೇ. ಫುಚಿಡಾ ಹೇಳಿದ ಐದು ನಿಮಿಷ ಸಿಕ್ಕಿದ್ದರೂ ಆ ವಿಮಾನಗಳು ಹಾರುತ್ತಿರಲಿಲ್ಲ.

ಒಂದು ಸಾಲು ನಿಂತಿದ್ದರೆ ಇನ್ನೊಂದು ಇಳಿಯಲಾಗದ ಈ ಇಕ್ಕಟ್ಟನ್ನು ಬಿಡಿಸಿದ್ದು 1950ರ ದಶಕದ ಆರಂಭದಲ್ಲಿ ಬ್ರಿಟಿಷರು ಯೋಚಿಸಿದ ಓರೆ ಡೆಕ್. ಇಳಿಯುವ ಪಟ್ಟಿಯನ್ನು ನೌಕೆಯ ನಡುಗೆರೆಯಿಂದ ಸ್ವಲ್ಪ ಎಡಕ್ಕೆ ತಿರುಗಿಸಿದ್ದರಿಂದ ಮುಂಭಾಗದಲ್ಲಿ ವಿಮಾನಗಳು ನಿಂತಿರುವಾಗಲೂ ಹಿಂದೆ ಇನ್ನೊಂದು ಇಳಿಯಬಹುದಾಯಿತು. ಆದರೂ ಯಾವುದು ಎಲ್ಲಿ ನಿಲ್ಲಬೇಕೆಂಬ ತಲೆನೋವು ತೀರಲಿಲ್ಲ. ಅದನ್ನು ಈಗ ಪೂರ್ತಿ ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದು ಭಾವಿಸುವವರು ಅಮೆರಿಕದ ನೌಕೆಗಳ ‘ಓಯಿಜಾ ಬೋರ್ಡ್’ ಬಗ್ಗೆ ತಿಳಿಯಬೇಕು. ಅದು ಡೆಕ್ಕಿನ ನಕ್ಷೆಯಿರುವ ಒಂದು ಮೇಜು. ಮೇಲೆ ವಿಮಾನದ ಆಕಾರಕ್ಕೆ ಕತ್ತರಿಸಿದ ಪುಟ್ಟ ಬಿಲ್ಲೆಗಳು. ಬಿಲ್ಲೆಯ ಮೇಲೆ ಒಂದು ನಟ್ಟೋ ಬಣ್ಣದ ಪಿನ್ನೋ ಇಟ್ಟರೆ ಇದಕ್ಕೆ ಇಂಧನ ಬೇಕು, ಅದಕ್ಕೆ ರಿಪೇರಿ ಇದೆ ಎಂದು ಅರ್ಥ. ಎಲೆಕ್ಟ್ರಾನಿಕ್ ಪರದೆಗಳು ಬಂದ ಮೇಲೂ ಈ ಮೇಜು ಬಹುಕಾಲ ಕೆಲಸದಲ್ಲಿ ಉಳಿಯಿತು. ವಿದ್ಯುತ್ ಹೋದರೂ ಅದಕ್ಕೇನೂ ಆಗುವುದಿಲ್ಲ.