ಐದು ಪೌಂಡಿನ ಹ್ಯಾರಿ ಪಾಟರ್

2007ರ ಜುಲೈ 21ರಂದು ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕ ಬಂತು. ಬ್ರಿಟನ್ನಿನಲ್ಲಿ ಮುಖಬೆಲೆ 17.99 ಪೌಂಡ್. ಆಸ್ಡಾ ಎಂಬ ಸೂಪರ್‌ಮಾರ್ಕೆಟ್ ಸರಣಿ ಅದನ್ನು 5 ಪೌಂಡಿಗೆ ಮಾರಿತು. ಸಗಟು ದರವೇ ಅದಕ್ಕಿಂತ ಹೆಚ್ಚು! ಸಣ್ಣ ಪುಸ್ತಕದಂಗಡಿಯವರು ಸೂಪರ್‌ಮಾರ್ಕೆಟ್ಟಿನಿಂದಲೇ ಪ್ರತಿಗಳನ್ನು ಕೊಂಡುತಂದು ಮಾರಿದ್ದೂ ಉಂಟು. ಆಸ್ಡಾಕ್ಕೆ ಪುಸ್ತಕದಲ್ಲಿ ನಷ್ಟವಾದರೂ ಚಿಂತೆಯಿರಲಿಲ್ಲ; ಪುಸ್ತಕಕ್ಕೆಂದು ಬಂದವರು ಹಾಲು, ಬ್ರೆಡ್ಡನ್ನೂ ಒಯ್ಯುತ್ತಾರಲ್ಲ.

ರಿಯಾಯಿತಿಯ ಈ ಜಗಳ ಹಳೆಯದು. 1852ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿಗಳು ರಿಯಾಯಿತಿಗೆ ಕಡಿವಾಣ ಹಾಕಲು ಹೊರಟು, ಮುಕ್ತ ವ್ಯಾಪಾರದ ವಾದದ ಮುಂದೆ ಸೋತರು. ಆಮೇಲೆ ನಡೆದದ್ದು ಬೆಲೆ ಇಳಿಸುವ ಪೈಪೋಟಿ. ಅದಕ್ಕೆ ತಡೆಯೊಡ್ಡಿದವರು ಪ್ರಕಾಶಕ ಫ್ರೆಡರಿಕ್ ಮ್ಯಾಕ್‌ಮಿಲನ್. 1890ರಲ್ಲಿ ಅವರು ಒಂದು ಪುಸ್ತಕವನ್ನು ನಿಗದಿತ ಬೆಲೆಗಿಂತ ಕಡಿಮೆಗೆ ಯಾರೂ ಮಾರಕೂಡದೆಂದು ಷರತ್ತು ಹಾಕಿದರು. ಆ ಪುಸ್ತಕ ಯಾವುದು ಗೊತ್ತೇ? ಬೇಡಿಕೆ, ಪೂರೈಕೆ, ಪೈಪೋಟಿಗಳನ್ನು ಒಂದು ಪೀಳಿಗೆಗೇ ಕಲಿಸಿದ ಆಲ್‌ಫ್ರೆಡ್ ಮಾರ್ಷಲ್ಲರ ಅರ್ಥಶಾಸ್ತ್ರ ಗ್ರಂಥ!

ಪ್ರಯೋಗ ಫಲಿಸಿತು. 1900ರ ಜನವರಿ 1ರಂದು, ನಿಗದಿತ ಬೆಲೆಗಿಂತ ಕಡಿಮೆಗೆ ಪುಸ್ತಕ ಮಾರಕೂಡದೆಂಬ ‘ನೆಟ್ ಬುಕ್ ಅಗ್ರಿಮೆಂಟ್’ ಒಪ್ಪಂದ ಜಾರಿಗೆ ಬಂತು. 1962ರಲ್ಲಿ ಅದನ್ನು ಕೋರ್ಟಿಗೆ ಎಳೆದಾಗಲೂ, ಪುಸ್ತಕ ಉಳಿದ ಸರಕಿನಂತಲ್ಲ ಎಂಬ ವಾದವೇ ಗೆದ್ದಿತು.

ಅದು ನಿಜವೇ? ಅರ್ಧ ನಿಜ. ಸಕ್ಕರೆ ಯಾವ ಗಿರಣಿಯದಾದರೂ ನಡೆದೀತು; ಕುವೆಂಪು ಕಾದಂಬರಿ ಕೇಳಿದವರಿಗೆ ಕಾರಂತರದನ್ನು ಕೊಟ್ಟರೆ ನಡೆಯದು. ಆದರೆ ಯಾವ ಪುಸ್ತಕವೆಂದು ತೀರ್ಮಾನವಾದ ಮೇಲೆ ಅದರ ಪ್ರತಿ ಎಲ್ಲ ಅಂಗಡಿಯಲ್ಲೂ ಒಂದೇ. ಆಗ ಸರಕಾಗುವುದು ಪುಸ್ತಕವಲ್ಲ, ಪುಸ್ತಕದ ಅಂಗಡಿ. ಇದಕ್ಕೆ ದಾರಿ ಮಾಡಿಕೊಟ್ಟದ್ದೂ ಪುಸ್ತಕ ವ್ಯಾಪಾರವೇ. 1960ರ ದಶಕದಲ್ಲಿ ಡಬ್ಲ್ಯೂ.ಎಚ್. ಸ್ಮಿತ್ ಕಂಪನಿಯ ಗೋದಾಮಿನ ಅನುಕೂಲಕ್ಕೆಂದು ಹುಟ್ಟಿದ ಒಂಬತ್ತು ಅಂಕಿಗಳ ಸಂಖ್ಯೆ 1970ರ ಹೊತ್ತಿಗೆ ಅಂತರರಾಷ್ಟ್ರೀಯ ಐಎಸ್‌ಬಿಎನ್ ಆಯಿತು. ಪ್ರತಿ ಪುಸ್ತಕದ ಪ್ರತಿ ಆವೃತ್ತಿಗೂ ಒಂದು ನಂಬರ್. ಎಲ್ಲಿ ಕೊಂಡರೂ ಅದೇ ಮಾಲು. 1994ರಲ್ಲಿ ಆನ್‌ಲೈನ್ ವ್ಯಾಪಾರಕ್ಕೆ ಇಳಿದ ಜೆಫ್ ಬೆಜೋಸ್ ಮೊದಲು ಪುಸ್ತಕವನ್ನೇ ಆರಿಸಿಕೊಂಡರೆಂದರೆ ಅಚ್ಚರಿಯೇನಿಲ್ಲ.

ಮರುವರ್ಷವೇ ದೊಡ್ಡ ಪ್ರಕಾಶಕರು ನೆಟ್ ಬುಕ್ ಒಪ್ಪಂದದಿಂದ ಹೊರನಡೆದರು; 1997ರಲ್ಲಿ ಕೋರ್ಟು ಅದನ್ನು ರದ್ದುಗೊಳಿಸಿತು. ಓದುಗರಿಗೆ ಜನಪ್ರಿಯ ಪುಸ್ತಕಗಳು ಅಗ್ಗವಾದವು, ಅದನ್ನು ಅಲ್ಲಗಳೆಯಲಾಗದು. ಆದರೆ ವರ್ಷಕ್ಕೆ ಒಂದೋ ಎರಡೋ ಖರ್ಚಾಗುವ ಕವನ ಸಂಕಲನವನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವ ಬಲ ಅಂಗಡಿಗೆ ಬರುತ್ತಿದ್ದದ್ದು ಆ ಜನಪ್ರಿಯ ಪುಸ್ತಕಗಳ ಲಾಭದಿಂದಲೇ. 1995ರಲ್ಲಿ ಬ್ರಿಟನ್ನಿನಲ್ಲಿದ್ದ ಸ್ವತಂತ್ರ ಪುಸ್ತಕದಂಗಡಿಗಳು 1,894. 2016ಕ್ಕೆ ಉಳಿದದ್ದು 867.

ವಾಟರ್‌ಸ್ಟೋನ್ಸ್ ಎಂಬ ದೊಡ್ಡ ಸರಣಿಯೂ ಮುಳುಗುವ ಸ್ಥಿತಿಯಲ್ಲಿತ್ತು. 2011ರಲ್ಲಿ ಅದರ ಹೊಣೆ ಹೊತ್ತವರು ಜೇಮ್ಸ್ ಡಾಂಟ್. ಲಂಡನ್ನಿನ ಮ್ಯಾರಿಲಬೋನ್‌ನಲ್ಲಿ ಅವರದೇ ಅಂಗಡಿಯಿತ್ತು. ಅಲ್ಲಿ ಪುಸ್ತಕ ಜೋಡಿಸುತ್ತಿದ್ದದ್ದು ದೇಶವಾರು. ಇಟಲಿಯ ಕಪಾಟಿಗೆ ಹೋದರೆ ನಕ್ಷೆ, ಇತಿಹಾಸ, ಕಾದಂಬರಿ ಎಲ್ಲ ಒಟ್ಟಿಗೇ ಸಿಗಬೇಕು. ವಾಟರ್‌ಸ್ಟೋನ್ಸ್‌ಗೆ ಬಂದವರೇ ‘ಎರಡು ಕೊಂಡರೆ ಮೂರನೆಯದು ಉಚಿತ’ ಯೋಜನೆಯನ್ನು ನಿಲ್ಲಿಸಿದರು. ಮುಂದಿನ ಮೇಜಿನ ಮೇಲೆ ತಮ್ಮ ಪುಸ್ತಕ ಇಡಿಸಲು ಪ್ರಕಾಶಕರು ಕೊಡುತ್ತಿದ್ದ ದುಡ್ಡನ್ನು ಬೇಡವೆಂದರು. ಯಾವ ಪುಸ್ತಕ ಮುಂದಿರಬೇಕೆಂಬುದನ್ನು ಆಯಾ ಊರಿನ ಮ್ಯಾನೇಜರ್‌ಗೆ ಬಿಟ್ಟರು. ಬರುವ ದುಡ್ಡನ್ನು ಒದ್ದು ವ್ಯಾಪಾರ ಉಳಿಸುವುದು ಹುಚ್ಚೆಂದೇ ಕಂಡಿರಬೇಕು. ಆದರೆ ಮಾರಾಟವಾಗದೆ ಪ್ರಕಾಶಕರಿಗೆ ಹಿಂದಿರುಗುತ್ತಿದ್ದ ಪ್ರತಿಗಳು ತಗ್ಗಿದವು, ಕೆಲವೇ ವರ್ಷಗಳಲ್ಲಿ ಕಂಪನಿ ಲಾಭಕ್ಕೆ ಬಂತು.

ಫ್ರಾನ್ಸ್ ಬೇರೆಯೇ ದಾರಿ ಹಿಡಿಯಿತು: 1981ರ ಕಾನೂನಿನಂತೆ ಅಲ್ಲಿ ಹೊಸ ಪುಸ್ತಕಕ್ಕೆ ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಇಲ್ಲ. ಬ್ರಿಟನ್ ಹಳೆಯ ಒಪ್ಪಂದಕ್ಕೆ ಮರಳಲಿಲ್ಲ. ಆದರೂ ಅಲ್ಲಿನ ಸ್ವತಂತ್ರ ಅಂಗಡಿಗಳ ಸಂಖ್ಯೆ 2022ರ ಕೊನೆಗೆ ಮತ್ತೆ 1,072ಕ್ಕೆ ಏರಿತ್ತು.