ಬ್ಯಾಂಕಾಕ್‌ನ ಬೋಟ್ ಪ್ರಯಾಣ

ಬ್ಯಾಂಕಾಕ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳದೆ
ಆಫೀಸಿಗೆ ಹೋಗೋದು ಹೇಗೆ, ಗೊತ್ತಾ?
ನೀರಿನ ಮೇಲೆ!

ನಾನು ಅಲ್ಲಿ ಕೆಲಸದಲ್ಲಿದ್ದಾಗ
ಹತ್ತುತ್ತಿದ್ದದ್ದು ಸೇನ್ ಸೇಪ್ ಕಾಲುವೆಯ ಬೋಟ್.

ಈ ಕಾಲುವೆ ತೋಡೋಕೆ ಶುರುಮಾಡಿದ್ದು 1837ರಲ್ಲಿ,
ರಾಜ ಮೂರನೇ ರಾಮನ ಕಾಲದಲ್ಲಿ.
ಯಾಕೆ?
ಯುದ್ಧಕ್ಕೆ ಸೈನ್ಯ ಸಾಗಿಸೋಕೆ.
ಈಗ ಅಲ್ಲಿ ಓಡಾಡೋದು
ಆಫೀಸಿನವರು, ಶಾಲೆ ಮಕ್ಕಳು.

ಬೋಟ್ ನಿಲ್ಲೋದು ಸ್ವಲ್ಪವೇ ಹೊತ್ತು.
ಬೇಗ ಹತ್ತಬೇಕು.
ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು,
ಬೋಟಿನ ಅಂಚಲ್ಲೇ ನಡೀತಾ ಟಿಕೆಟ್ ಕೊಡ್ತಾರೆ,
ಥೇಟ್ ನಮ್ಮ ಪ್ರೈವೇಟ್ ಬಸ್ಸಿನ
ಫುಟ್‌ಬೋರ್ಡಲ್ಲಿ ನೇತಾಡೋ ಕ್ಲೀನರ್ ಥರ!

ಎದುರಿಂದ ಇನ್ನೊಂದು ಬೋಟ್ ಬಂತಾ?
ಅಂಚಲ್ಲಿ ಕೂತವರು ಹಗ್ಗ ಎಳೀತಾರೆ.
ಟಾರ್ಪಾಲ್ ಮೇಲೇಳುತ್ತೆ.
ಕೊಳಕು ನೀರಿಂದ ಎಲ್ಲರೂ ಬಚಾವ್!

ಭಾಷೆ ಬರದ ನಾನೂ
ಅವರ ಜೊತೆ ಹಗ್ಗ ಎಳೆದೆ.
ಹೊಸ ಊರಿಗೆ ಹೋದ್ರೆ
ಇಂಥ ಚಿಕ್ಕ ಕೆಲಸಕ್ಕೆ ಕೈಜೋಡಿಸಿ.
ಊರು ಬೇಗ ನಿಮ್ಮದಾಗುತ್ತೆ.