ಕರ್ಕಿಯ ಮೇಳ ಬಂದಿಳಿದ ರಾಜಧಾನಿ

ಎಂಬತ್ತು ವರ್ಷದ ಹಿಂದೆ ಲಕ್ಷ್ಮೇಶ್ವರದವರನ್ನು ನಿಮ್ಮ ರಾಜಧಾನಿ ಯಾವುದೆಂದು ಕೇಳಿದ್ದರೆ ಮಿರಜ ಎನ್ನುತ್ತಿದ್ದರು. ಪಕ್ಕದ ಶಿರಹಟ್ಟಿಯವರು ಸಾಂಗ್ಲಿ ಎನ್ನುತ್ತಿದ್ದರು. ತೇರದಾಳದವರ ಉತ್ತರವೂ ಸಾಂಗ್ಲಿಯೇ. ಬೆಳಗಾವಿಯಲ್ಲಂತೂ ಕಂಟೋನ್ಮೆಂಟಿನ ಕಡೆ ಬ್ರಿಟಿಷರ ಆಡಳಿತ, ಅದಕ್ಕೆ ಅಂಟಿಕೊಂಡೇ ಇದ್ದ ಶಹಾಪುರದಲ್ಲಿ ಸಾಂಗ್ಲಿ ಮಹಾರಾಜರ ಆಡಳಿತ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆ ಗುರುತಿಸುವಾಗ ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಪುಲಿಗೆರೆಯ ಕಂದಾಯ ಕೃಷ್ಣಾ ತೀರದ ಒಂದು ಮರಾಠಿ ದರಬಾರಿಗೆ ಹೋಗುತ್ತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, ಆಮೇಲೆ ಗಡಿ ಬಂತು. ನಮಗೆ ಸಾಂಗ್ಲಿ ಎಂದರೆ ಅರಿಸಿನದ ಪೇಟೆಯಾಗಿ, ಮಿರಜ ಎಂದರೆ ರೈಲು ಬದಲಿಸುವ ಜಂಕ್ಷನ್ ಆಗಿ ಉಳಿದವು.

ಈ ಜೋಡಿ ಊರುಗಳನ್ನು ರಾಜಧಾನಿಗಳೆಂದೇ ತೋರಿಸುವವರೊಬ್ಬರಿದ್ದಾರೆ. ಮಿರಜದ ನಿವೃತ್ತ ಶಾಲಾ ಶಿಕ್ಷಕರು. ವಯಸ್ಸು ಎಪ್ಪತ್ತು ದಾಟಿ ಬಹಳ ಕಾಲವಾಯಿತು. ಹೆಸರು ಹಾಕಬೇಡಿ ಎಂದು ಮೊದಲೇ ಹೇಳಿದ್ದಾರೆ, ಹಾಗಾಗಿ ಇಲ್ಲಿ ಅವರು ಬರೀ ಮಾಸ್ತರರು. ಶುಲ್ಕವಿಲ್ಲ, ಟಿಕೆಟ್ಟಿಲ್ಲ. ನೆಂಟರು, ನೆಂಟರ ನೆಂಟರು, ಶಾಲೆಯ ಮಕ್ಕಳು, ಯಾರು ಬಂದರೂ ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೊರಡುತ್ತಾರೆ. ಹೆಗಲ ಚೀಲದಲ್ಲಿ ಹಳೆಯ ಸಂಸ್ಥಾನಗಳ ನಕಾಶೆಯ ಜೆರಾಕ್ಸ್ ಪ್ರತಿ. ಬಂದವರನ್ನು ಮೊದಲು ಕೇಳುವುದು, “ಯಾವೂರ್ರಿ ನಿಮ್ದು?”

ಕುಂದಗೋಳ ಎಂದರೆ ಜಮಖಂಡಿ ಸಂಸ್ಥಾನ. ಗುಡಗೇರಿ ಎಂದರೆ ಮಿರಜ ಕಿರಿಯ ಶಾಖೆ. ಮುಧೋಳ ಎಂದರೆ “ಅದು ಘೋರ್ಪಡೆಯವರದು, ನಮ್ಮದಲ್ಲ.” ನಕಾಶೆಯಲ್ಲಿ ಸಾಂಗ್ಲಿ ರಾಜ್ಯ ಒಂದೇ ತುಂಡಾಗಿಲ್ಲ, ಕೌದಿಯ ತೇಪೆಗಳ ಹಾಗೆ ಅಲ್ಲೊಂದು ಇಲ್ಲೊಂದು ಬಿದ್ದಿದೆ. ಒಂದು ತೇಪೆ ಮಂಗಳವೇಢೆ. ಬಸವಣ್ಣನವರ ನೆನಪು ಹೊತ್ತ ಆ ಊರೂ ಸಾಂಗ್ಲಿಯ ತಾಲ್ಲೂಕಾಗಿತ್ತು. “ಮ್ಯೂಜಿಯಂ ಒಳಗ ಏನೈತಿ ಅಂತ ಆಮ್ಯಾಲ ನೋಡೂಣು. ಮೊದಲ ನೀವು ಯಾರ ಪ್ರಜಾ ಇದ್ರಿ ಅನ್ನೂದು ತಿಳಕೋರಿ” ಎನ್ನುತ್ತಾರೆ ಮಾಸ್ತರರು.

ಸಾಂಗ್ಲಿ, ಮಿರಜಗಳನ್ನು ಆಳಿದ ಪಟವರ್ಧನರ ಕಥೆಯನ್ನು ಅವರು ಚುಟುಕಾಗಿಯೇ ಮುಗಿಸುತ್ತಾರೆ. ಪೇಶ್ವೆಯ ಸರದಾರರಾದ ಈ ಮನೆತನಕ್ಕೆ 1761ರ ಸುಮಾರಿಗೆ ಮಿರಜದ ಕೋಟೆ ಬಂತು. 1801ರಲ್ಲಿ ಚಿಂತಾಮಣರಾವ್ ಅಪ್ಪಾಸಾಹೇಬರು ಚಿಕ್ಕಪ್ಪ ಗಂಗಾಧರರಾಯರೊಡನೆ ಮುನಿಸಿಕೊಂಡು ಪಾಲು ಪಡೆದು ಹೊರಬಂದರು. ಹತ್ತು ಕಿಲೋಮೀಟರು ಆಚೆಗೆ, ಕೃಷ್ಣೆಯ ದಂಡೆಯ ಸಾಂಗ್ಲಿಯಲ್ಲಿ ಹೊಸ ರಾಜಧಾನಿ ಕಟ್ಟಿದರು. ಕಂದಕ ತೋಡಿಸಿದ ಕೋಟೆಗೆ ಮನೆದೇವರ ಹೆಸರಿಟ್ಟು ಗಣೇಶದುರ್ಗ ಎಂದರು. ನದಿಯ ಬದಿಗೆ ಕರಿಕಲ್ಲಿನ ಗಣಪತಿ ಗುಡಿ ಎಬ್ಬಿಸಿದರು; ಅದರ ಕೆಲಸ ದಶಕಗಳ ಕಾಲ ನಡೆಯಿತು. ಈ ಮನೆತನದ ಹೆಸರು ಕನ್ನಡ ನಾಡಿಗೆ ತಂದದ್ದು ಪ್ರೀತಿಯೊಂದನ್ನೇ ಅಲ್ಲ. 1791ರಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ಗೆದ್ದವರು ಪರಶುರಾಮಭಾವು ಪಟವರ್ಧನರು. ಅದೇ ವರ್ಷ ಶೃಂಗೇರಿ ಮಠ ಸೂರೆಯಾದದ್ದೂ ಅವರ ದಂಡಿನ ಕಡೆಯವರಿಂದ. ಮಾಸ್ತರರು ಇದನ್ನು ಮುಚ್ಚಿಡುವುದಿಲ್ಲ. “ನಮ್ಮ ಊರಿನ ಮಂದಿ ಅಂತ ಬಿಡಾಕ ಆಗ್ತದೇನ್ರಿ? ಹೇಳೂದು ಪೂರಾ ಹೇಳಬೇಕು.”

ಗಣೇಶದುರ್ಗದ ಆವರಣದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಸಂಸ್ಥಾನದ ಕಾಲದ ಚಿತ್ರಗಳು, ಶಿಲ್ಪಗಳು ಅಲ್ಲಿವೆ. ಅಲ್ಲೇ ಸಮೀಪದ ಜೈಲಿನಿಂದ 1943ರ ಜುಲೈ 24ರಂದು ವಸಂತದಾದಾ ಪಾಟೀಲರು ಸಂಗಾತಿಗಳೊಡನೆ ತಪ್ಪಿಸಿಕೊಂಡರು. ಕಂದಕಕ್ಕೆ ಹಾರಿ ಓಡಿದ ಆ ದಿನ ಪೊಲೀಸರ ಗುಂಡಿಗೆ ಸಂಗಾತಿಗಳು ಬಲಿಯಾದರು. ಮಾಸ್ತರರು ಎರಡನ್ನೂ ತೋರಿಸುತ್ತಾರೆ, ಆದರೆ ಅವರ ಮನಸ್ಸು ಅಷ್ಟರಲ್ಲೇ ಬೇರೆ ಕಡೆ ಹರಿದಿರುತ್ತದೆ. ಅವರು ಬೇಗ ತಲುಪಬೇಕೆನ್ನುವುದು 1842ನೇ ಇಸವಿಗೆ.

ಆ ವರ್ಷ ಹೊನ್ನಾವರದ ಪಕ್ಕದ ಕರ್ಕಿಯಿಂದ ಒಂದು ಭಾಗವತ ಮೇಳ ಸಾಂಗ್ಲಿಗೆ ಬಂದಿತ್ತು. ಘಟ್ಟದ ಕೆಳಗಿನ ಕಡಲೂರಿನಿಂದ ಘಟ್ಟ ಹತ್ತಿ ಇಷ್ಟು ದೂರ ಬಂದ ಕನ್ನಡದ ಕಲಾವಿದರು, ಮರಾಠಿ ದರಬಾರಿನ ಮುಂದೆ ಕನ್ನಡದಲ್ಲೇ ಆಡಿದರು. ಅಪ್ಪಾಸಾಹೇಬರಿಗೆ ಆಟ ಹಿಡಿಸಿತು. ಇಂಥದ್ದು ನಮ್ಮ ಮಾತಿನಲ್ಲೂ ಆಗಬೇಕು, ಇನ್ನಷ್ಟು ಒಪ್ಪವಾಗಿ ಆಗಬೇಕು ಎಂದು ಆಸ್ಥಾನದ ತರುಣ ವಿಷ್ಣುದಾಸ ಭಾವೆಗೆ ಹೇಳಿದರು. ಭಾವೆಯ ತಂದೆ ಸಂಸ್ಥಾನದ ದಂಡಿನಲ್ಲಿದ್ದವರು. ಮಗನಿಗೆ ಹಾಡು ಕಟ್ಟುವ, ಮರದ ಬೊಂಬೆ ಕೆತ್ತುವ ಕೈಚಳಕವಿತ್ತು. 1843ರ ನವೆಂಬರ್ 5ರಂದು ಅರಮನೆಯಲ್ಲಿ ಅವರ ‘ಸೀತಾ ಸ್ವಯಂವರ’ ಪ್ರಯೋಗವಾಯಿತು. ಮಹಾರಾಷ್ಟ್ರ ಇಂದು ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತದೆ. ಅದೇ ದಿನ ಸಾಂಗ್ಲಿಯಲ್ಲಿ ಹಿರಿಯ ರಂಗಕರ್ಮಿಯೊಬ್ಬರಿಗೆ ವಿಷ್ಣುದಾಸ ಭಾವೆ ಗೌರವ ಪದಕ ಕೊಡುತ್ತಾರೆ.

‘ಮೊದಲ ನಾಟಕ’ ಎಂಬ ಮಾತಿಗೆ ತಕರಾರೂ ಇದೆ. ತಂಜಾವೂರಿನ ಮರಾಠಾ ದೊರೆಗಳ ಆಸ್ಥಾನದಲ್ಲಿ ಅದಕ್ಕೂ ನೂರೈವತ್ತು ವರ್ಷ ಮೊದಲೇ ಮರಾಠಿ ನಾಟಕಗಳು ರಚನೆಯಾಗಿದ್ದವು. ಆದರೆ ಊರೂರಿಗೆ ತಿರುಗಿ ದುಡ್ಡು ಕೊಟ್ಟು ನೋಡುವ ಪ್ರೇಕ್ಷಕರನ್ನು ಹುಟ್ಟಿಸಿದ ಪರಂಪರೆ ಶುರುವಾದದ್ದು ಸಾಂಗ್ಲಿಯಿಂದ. 1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡಾಗ ಭಾವೆಗೆ ಅರಮನೆಯ ಆಸರೆ ತಪ್ಪಿತು. ಅವರು ಮಂಡಳಿ ಕಟ್ಟಿಕೊಂಡು ಊರು ಬಿಟ್ಟರು, 1853ರಲ್ಲಿ ಮುಂಬೈ ಮುಟ್ಟಿದರು. ದೊರೆ ಬದುಕಿದ್ದಿದ್ದರೆ ಆ ನಾಟಕ ಅರಮನೆಯ ಅಂಗಳದಲ್ಲೇ ಉಳಿಯುತ್ತಿತ್ತೇನೋ.

ಭಾವೆಯ ಆಟ ಹೇಗಿತ್ತು ಎನ್ನುವಾಗ ಮಾಸ್ತರರು ರಸ್ತೆಯಲ್ಲೇ ನಿಂತು ಕೈಬಾಯಿ ಎರಡನ್ನೂ ಆಡಿಸುತ್ತಾರೆ. ಮೊದಲು ಗಣಪತಿ ರಂಗಕ್ಕೆ ಬರುತ್ತಾನೆ, ಹಿಂದೆಯೇ ಸರಸ್ವತಿ. ಸೂತ್ರಧಾರ ತಾಳ ಹಿಡಿದು ಪಕ್ಕಕ್ಕೆ ನಿಂತು ಕಥೆಯನ್ನೆಲ್ಲ ತಾನೇ ಹಾಡುತ್ತಾನೆ. ಪಾತ್ರಧಾರಿಗಳು ಆ ಪದದ ಮೇಲೆ ತಮಗೆ ತೋಚಿದ ಮಾತು ಬೆಳೆಸುತ್ತಾರೆ, ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ನಡುನಡುವೆ ವಿದೂಷಕ. ರಾಕ್ಷಸ ಬಂದನೆಂದರೆ ಕಿವಿ ಗಡಚಿಕ್ಕುವ ಆರ್ಭಟ. ಮುಂದಿನ ತಲೆಮಾರಿನ ಮರಾಠಿಗರು ಆ ಕೂಗನ್ನೇ ಅಣಕಿಸಿ ಇಂಥ ನಾಟಕಗಳಿಗೆ ಅಡ್ಡಹೆಸರಿಟ್ಟರು. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ಗಣಪತಿ ಪೂಜೆ, ಭಾಗವತರ ಪದ, ಮೇಲೆ ಆಶು ಅರ್ಥ, ಹಾಸ್ಯಗಾರ, ಬಣ್ಣದ ವೇಷದ ಅಟ್ಟಹಾಸ ಎಲ್ಲವೂ ಅಲ್ಲಿವೆ. ಚೆಂಡೆ ಒಂದೇ ಇರಲಿಲ್ಲ ಎನ್ನಿ.

ಕೊಟ್ಟದ್ದು ತಿರುಗಿಯೂ ಬಂತು. ಸಾಂಗ್ಲಿಯಲ್ಲಿ ಚಿಗುರಿದ ಮರಾಠಿ ಮಂಡಳಿಗಳು ಮುಂದಿನ ದಶಕಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಮೊಕ್ಕಾಂ ಹೂಡಿದವು. ಕನ್ನಡದ ಜನ ಮರಾಠಿ ಪದಗಳನ್ನು ಗುನುಗತೊಡಗಿದರು. ಅದನ್ನು ಕಂಡು ಕೆರಳಿದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗಿನಲ್ಲಿ ‘ಉಷಾಹರಣ’ ಬರೆದು ಕನ್ನಡ ಮಂಡಳಿ ಕಟ್ಟಿದರು. ಕರ್ಕಿಯಿಂದ ಸಾಂಗ್ಲಿಗೆ, ಸಾಂಗ್ಲಿಯಿಂದ ಗದಗಕ್ಕೆ ಸುಮಾರು ಮೂವತ್ತು ವರ್ಷಗಳ ಈ ಸುತ್ತಾಟವನ್ನು ಯಾವ ವಸ್ತುಸಂಗ್ರಹಾಲಯದ ಕಪಾಟಿನಲ್ಲಿಡುವುದು? ಇಡಲು ವಸ್ತುವೇ ಇಲ್ಲ. ಅದಕ್ಕೇ ಹೇಳಿ ತೋರಿಸುವವರು ಬೇಕು.

ಸಾಂಗ್ಲಿ ಬಿಡುವ ಮುನ್ನ ಕೃಷ್ಣೆಯ ಮೇಲಿನ ಇರ್ವಿನ್ ಸೇತುವೆಯನ್ನು ನೋಡಬೇಕು. ನೀರಿನ ಅಪಾಯದ ಮಟ್ಟ ಇಲ್ಲಿ 45 ಅಡಿ. 2019ರ ಆಗಸ್ಟ್‌ನಲ್ಲಿ ನದಿ 57 ಅಡಿ ದಾಟಿತು. ಪಕ್ಕದ ಹರಿಪುರದಲ್ಲಿ ಅರಿಸಿನ ಕೂಡಿಡುತ್ತಿದ್ದ ನೆಲದೊಳಗಿನ ಹಗೇವುಗಳಿಗೆ 2005ರ ನೆರೆಯಲ್ಲೇ ನೀರು ನುಗ್ಗಿತ್ತು. ‘ಶಾರದಾ’ ನಾಟಕದ ಗೋವಿಂದ ಬಲ್ಲಾಳ ದೇವಲರು ಹುಟ್ಟಿದ ಊರು ಅದು. ಹಳೆಯ ಕಾಗದ, ಹಳೆಯ ಗೋಡೆ ಉಳಿಸಿಕೊಳ್ಳಬೇಕೆನ್ನುವ ಊರಿಗೆ ನದಿಯೇ ದೊಡ್ಡ ಕಂಟಕ.

ಮಿರಜದ ದಾರಿಯಲ್ಲಿ ವಿಶ್ರಾಮಬಾಗಿನ ವಿಲಿಂಗ್ಡನ್ ಕಾಲೇಜು ಸಿಗುತ್ತದೆ. 1919ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ ತೆರೆದದ್ದು. ರಂ.ಶ್ರೀ. ಮುಗಳಿಯವರು ದೀರ್ಘಕಾಲ ಕನ್ನಡ ಕಲಿಸಿದ್ದು ಇಲ್ಲಿ. ಆಕ್ಸ್‌ಫರ್ಡಿನಿಂದ ಮರಳಿದ ವಿ.ಕೃ. ಗೋಕಾಕರು ಪ್ರಾಂಶುಪಾಲರಾದದ್ದೂ ಇಲ್ಲೇ. ಮಾಸ್ತರರು ಆಟೋ ನಿಲ್ಲಿಸುವುದಿಲ್ಲ, ಕೈ ತೋರಿಸಿ ಮುಂದೆ ಸಾಗುತ್ತಾರೆ.

ಮಿರಜದಲ್ಲಿ ಅವರು ಅರಮನೆಗಿಂತ ಮೊದಲು ಹೇಳುವುದು ಇನ್ನೊಬ್ಬ ಶಾಲಾ ಮಾಸ್ತರರ ಕಥೆ. ವಾಸುದೇವಶಾಸ್ತ್ರಿ ಖರೆ ಇಲ್ಲಿನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಪಟವರ್ಧನರ ದಫ್ತರದಲ್ಲಿ ಕಟ್ಟುಕಟ್ಟಾಗಿ ಬಿದ್ದಿದ್ದ ಮೋಡಿ ಲಿಪಿಯ ಪತ್ರಗಳನ್ನು ಒಂದೊಂದಾಗಿ ಓದಿ, 1897ರಿಂದ ‘ಐತಿಹಾಸಿಕ ಲೇಖಸಂಗ್ರಹ’ ಎಂದು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. 1924ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಹೈದರ್, ಟಿಪ್ಪು ಕಾಲದ ಕರ್ನಾಟಕದ ದಂಡಯಾತ್ರೆಗಳ ಬಗ್ಗೆ ಬರೆಯುವವರು ಇಂದಿಗೂ ಆ ಸಂಪುಟಗಳನ್ನು ತೆರೆಯಲೇಬೇಕು. “ಶಾಲಿ ಬಿಟ್ಟ ಮ್ಯಾಲ ಮಾಡಿದ ಕೆಲಸ ನೋಡ್ರಿ ಇದು” ಎನ್ನುವಾಗ ನಮ್ಮ ಮಾಸ್ತರರ ದನಿ ತುಸು ಏರುತ್ತದೆ.

ಮೀರಾಸಾಹೇಬರ ದರ್ಗಾದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. ಕೈರಾನಾದಲ್ಲಿ ಹುಟ್ಟಿ ಮಿರಜದಲ್ಲಿ ನೆಲೆಸಿದ ಅವರು 1937ರಲ್ಲಿ ಪಾಂಡಿಚೇರಿಗೆ ಹೊರಟಾಗ ದಾರಿಯಲ್ಲೇ, ಮದರಾಸಿನ ಸಮೀಪದ ಸಣ್ಣ ರೈಲು ನಿಲ್ದಾಣವೊಂದರಲ್ಲಿ ಕೊನೆಯುಸಿರೆಳೆದರು. ದೇಹ ಮಿರಜಕ್ಕೆ ಬಂತು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು; ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರ ಗಾಯನದ ಬೇರು ಈ ಅಂಗಳದಲ್ಲಿದೆ. ಉರುಸಿನ ಹೊತ್ತಿಗೆ ಖಾನರ ಸ್ಮರಣೆಯಲ್ಲಿ ಇಲ್ಲಿ ಸಂಗೀತ ಸಭೆ ನಡೆಯುತ್ತದೆ. ಹಾಡುವುದು ಸೇವೆ, ಸಂಭಾವನೆಯ ಮಾತಿಲ್ಲ.

ದರ್ಗಾದಿಂದ ಸ್ವಲ್ಪ ದೂರಕ್ಕೇ ಸಿತಾರ್‌ಮೇಕರ್ ಗಲ್ಲಿ. ಕತ್ತಿ, ಭರ್ಚಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು ಯುದ್ಧಗಳು ನಿಂತ ಮೇಲೆ ಕೆಲಸವಿಲ್ಲದಾದರು. ಸುಮಾರು 1850ರ ಹೊತ್ತಿಗೆ ಫರೀದ್‌ಸಾಹೇಬ ಶಿಕಲಗಾರ ಎಂಬವರು ತಂತಿವಾದ್ಯ ಮಾಡಲು ಕೈ ಹಾಕಿದರು. ಇಂದು ಅವರ ಪೀಳಿಗೆಯವರೂ ಅವರಿಂದ ಕಲಿತವರೂ ಸೇರಿ ಗಲ್ಲಿಯೇ ಬೆಳೆದಿದೆ. ತಂಬೂರಿಯ ಬುರುಡೆ ಮಂಗಳವೇಢೆ ಸೀಮೆಯ ಹೊಲಗಳದ್ದು, ಮರ ಕರ್ನಾಟಕದ ಕಾಡಿನದು. ಒಣಗಿದ ಬುರುಡೆಯನ್ನು ನೀರಲ್ಲಿ ನೆನೆಸಿ, ಕೊಯ್ದು, ಒಳಗಿನ ತಿರುಳು ಕೆರೆದು, ಬಾಯಿ ಸೊಟ್ಟಗಾಗದಂತೆ ಕಡ್ಡಿ ಕೊಟ್ಟು ಮತ್ತೆ ಒಣಗಿಸುತ್ತಾರೆ. ದಂಡಿ ಕೂರಿಸುವುದು, ತಬಲಿ ಮುಚ್ಚುವುದು, ಬಳ್ಳಿ ಕೆತ್ತುವುದು, ಅರಗಿನ ಮೆರುಗು ಕೊಡುವುದು ಆಮೇಲಿನ ಮಾತು. ಕೊನೆಯ ಕೆಲಸವೇ ನಾಜೂಕು. ತಂತಿ ಹಾಯುವ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಅರ ತಿಕ್ಕಿ ಜವಾರಿ ತೆಗೆಯುವುದು. ತಿಕ್ಕಿ, ಮೀಟಿ, ಕಿವಿಗೊಟ್ಟು, ಮತ್ತೆ ತಿಕ್ಕಬೇಕು. ಆ ಕೆಲಸಕ್ಕೆ ಕೂತವರನ್ನು ಗಲ್ಲಿಯಲ್ಲಿ ಯಾರೂ ಮಾತಾಡಿಸುವುದಿಲ್ಲ.

2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಬೇರೆಡೆ ಮಾಡಿದ್ದನ್ನು ಮಿರಜದ್ದೆಂದು ಮಾರುವವರಿಗೆ ಅದರಿಂದ ತಡೆ ಬೀಳಬಹುದು. ಆದರೆ ಈಗ ಗವಾಯಿಗಳ ಜೇಬಿನ ಮೊಬೈಲೇ ಶ್ರುತಿ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಬುರುಡೆ ಬೇಡ, ಜವಾರಿ ಬೇಡ, ವರ್ಷಗಟ್ಟಲೆ ಕೂತು ಕಲಿಯುವ ಹುಡುಗರೂ ಬೇಡ.

ಕನ್ನಡಿಗರು ಮಿರಜಕ್ಕೆ ಬರುವುದೇನೂ ಕಡಿಮೆಯಾಗಿಲ್ಲ. ಕೆನಡಾದಿಂದ ಬಂದ ಡಾಕ್ಟರ್ ವಿಲಿಯಂ ವಾನ್‌ಲೆಸ್ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ಕಟ್ಟಿದ ಆಸ್ಪತ್ರೆಯಿಂದಾಗಿ ಊರಿಗೆ ವೈದ್ಯರ ಊರೆಂಬ ಹೆಸರು ಬಂತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಇಂದಿಗೂ ರೋಗಿಗಳನ್ನು ಇಲ್ಲಿಗೇ ತರುತ್ತಾರೆ. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಔಷಧದ ಚೀಟಿ ಹಿಡಿದು ಬಂದವರು ಮರುದಿನದ ಡಾಕ್ಟರಿಗಾಗಿ ಕಾಯುತ್ತ ಆಸ್ಪತ್ರೆಯ ಕಟ್ಟೆಯ ಮೇಲೆ ಇಡೀ ಮಧ್ಯಾಹ್ನ ಕೂರುತ್ತಾರೆ. ಅಂಥವರಿಗೆ ಎರಡು ಗಂಟೆಯ ಒಂದು ಸುತ್ತು, ಕನ್ನಡದಲ್ಲಿ, ವಾರಕ್ಕೊಮ್ಮೆ ಇದ್ದರೂ ಸಾಕು. ಗಡಿಯ ಆಚೆಗಿನ ಕನ್ನಡದ ಬಗ್ಗೆ ಭಾಷಣ ಮಾಡುವ ನಮ್ಮ ಸಂಸ್ಥೆಗಳಿಗೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಇಬ್ಬರು ಹುಡುಗರಿಗೆ ತರಬೇತಿ ಕೊಟ್ಟು, ಒಂದು ನಕಾಶೆ ಅಚ್ಚು ಹಾಕಿಸಿದರೆ ಆಯಿತು.

ಸದ್ಯಕ್ಕೆ ಮಾಸ್ತರರ ಮಾತು ಬರೆದುಕೊಳ್ಳುವವರಿಲ್ಲ. ಮೊಮ್ಮಕ್ಕಳು ಪುಣೆಯಲ್ಲಿದ್ದಾರೆ, ಕನ್ನಡ ಅಷ್ಟಾಗಿ ಬರುವುದಿಲ್ಲ. 2043ರ ನವೆಂಬರ್ 5ಕ್ಕೆ ‘ಸೀತಾ ಸ್ವಯಂವರ’ಕ್ಕೆ ಇನ್ನೂರು ವರ್ಷ ತುಂಬುತ್ತದೆ. ಆ ದಿನ ಸಾಂಗ್ಲಿಯಲ್ಲಿ ಮರಾಠಿ ನಾಟಕಕ್ಕೆ ಮೊದಲು ಬಡಗುತಿಟ್ಟಿನ ಮೇಳವೊಂದು ರಾತ್ರಿಯಿಡೀ ಆಡಬೇಕು, ಅದು ಕರ್ಕಿಯದೇ ಆದರೆ ಇನ್ನೂ ಚೆಂದ ಎಂಬುದು ಅವರ ಆಸೆ. ಅದಕ್ಕೆ ಯಾರಿಗೆ ಅರ್ಜಿ ಕೊಡಬೇಕು, ಎರಡು ಸರ್ಕಾರಗಳಲ್ಲಿ ಯಾವುದನ್ನು ಕೇಳಬೇಕು ಎಂದು ಇಷ್ಟು ದೂರದಿಂದಲೇ ಲೆಕ್ಕ ಹಾಕುತ್ತಿದ್ದಾರೆ. “ಅಷ್ಟೊತ್ತಿಗೆ ನಾ ಇರಾಂಗಿಲ್ಲ ಬಿಡ್ರಿ. ನೀವಾದ್ರೂ ಬರ್ರಿ. ಬಂದವ್ರು ಸುಮ್ಮ ಆಟ ನೋಡಿ ಹೋಗಬ್ಯಾಡ್ರಿ, ಪಕ್ಕದಾಗ ಕುಂತವ್ರಿಗೆ ಇದು ಎಲ್ಲಿಂದ ಬಂದೈತಿ ಅಂತ ಹೇಳ್ರಿ.”